ನೆಲ ಡೊಂಕೇ ಎಂದು ಅಳೆದು ನೋಡಿದವರು

ಕೊಡಗಿನಲ್ಲಿ ಕೈಲ್ ಮುಹೂರ್ತದ ಹಬ್ಬ ಬಂತೆಂದರೆ ಕೋವಿಗೆ ಪೂಜೆ. ಪೂಜೆಯ ನಂತರ ಊರ ಮಂದಿಯೆಲ್ಲ ಬಯಲಿನಲ್ಲಿ ಸೇರಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನಡೆಸುತ್ತಾರೆ. ನೀವು ಇದನ್ನು ಕಣ್ಣಾರೆ ನೋಡಿರಬಹುದು, ಇಲ್ಲವೇ ಕೇಳಿಯಾದರೂ ಇರಬಹುದು. ಕಾಯಿ ಒಡೆದರೆ ಚಪ್ಪಾಳೆ. ಒಡೆಯದಿದ್ದರೆ? ಹೊಡೆದವನು ಕೋವಿಯನ್ನೊಮ್ಮೆ ತಿರುಗಿಸಿ ನೋಡುತ್ತಾನೆ. ತೋಟಾ ಹಳೆಯದು ಎನ್ನುತ್ತಾನೆ, ಗಾಳಿ ಬೀಸಿತು ಎನ್ನುತ್ತಾನೆ. ಸುತ್ತ ನಿಂತವರು ಮುಸಿಮುಸಿ ನಗುತ್ತಾರೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎಂಬ ಗಾದೆ ನಮ್ಮಲ್ಲಿ ಇದ್ದೇ ಇದೆಯಲ್ಲ!

ಆದರೆ ಒಂದು ಕ್ಷಣ ನಿಂತು ಯೋಚಿಸಿ. ನೆಲ ಕೆಲವೊಮ್ಮೆ ನಿಜವಾಗಿಯೂ ಡೊಂಕಾಗಿರಬಾರದೇಕೆ? ಕೈ ಅಲುಗಲಿಲ್ಲ, ಕಣ್ಣು ತಪ್ಪಲಿಲ್ಲ, ಗಾಳಿಯೂ ಇರಲಿಲ್ಲ. ಆದರೂ ಗುಂಡು ಪಕ್ಕಕ್ಕೆ ಹೋಯಿತು. ಅದು ಹೊಡೆದವನ ತಪ್ಪೋ, ಕೋವಿಯ ತಪ್ಪೋ, ತೋಟಾದ ತಪ್ಪೋ ಎಂದು ಹೇಳುವುದು ಹೇಗೆ? ಈ ಒಂದು ಪ್ರಶ್ನೆಯ ಹಿಂದೆ ಇನ್ನೂರೈವತ್ತು ವರ್ಷಗಳಿಗೂ ಮೀರಿದ ಇತಿಹಾಸವಿದೆ. ನೆಪ ಹೇಳಿದವರು ಎಲ್ಲ ಕಾಲದಲ್ಲೂ ಇದ್ದರು. ನೆಲ ಡೊಂಕೇ ಎಂದು ಅಳೆದು ನೋಡಿದವರು ಕೆಲವೇ ಮಂದಿ. ಇದು ಆ ಕೆಲವರ ಕಥೆ.

ಈ ಪ್ರಶ್ನೆ ಎಷ್ಟು ಸೂಕ್ಷ್ಮವಾದುದು ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಪುರುಷರ 50 ಮೀಟರ್ ರೈಫಲ್ ಪ್ರೋನ್ ಸ್ಪರ್ಧೆ ನಡೆಯಿತು. ಪ್ರೋನ್ ಎಂದರೆ ನೆಲದ ಮೇಲೆ ಬೋರಲು ಮಲಗಿ ಗುಂಡು ಹಾರಿಸುವುದು. ಬೆಳ್ಳಿ ಗೆದ್ದ ಬೆಲ್ಜಿಯಂನ ಲಿಯೊನೆಲ್ ಕಾಕ್ಸ್ ಅವರಿಗೆ 701.2 ಅಂಕ. ಕಂಚು ಗೆದ್ದ ಸ್ಲೊವೇನಿಯಾದ ರಾಜ್ಮಂಡ್ ಡೆಬೆವೆಚ್ ಅವರಿಗೆ 701.0 ಅಂಕ. ನಮ್ಮ ಜಯದೀಪ್ ಕರ್ಮಾಕರ್ 699.1 ಅಂಕ ಗಳಿಸಿ ನಾಲ್ಕನೆಯವರಾದರು, ಪದಕ 1.9 ಅಂಕಗಳಿಂದ ಕೈತಪ್ಪಿತು. ಬೆಳ್ಳಿಗೂ ಕಂಚಿಗೂ ನಡುವೆ ಇದ್ದ ಅಂತರ 0.2 ಅಂಕ. ಆ ಗುರಿಹಲಗೆಯ ಮೇಲೆ 0.1 ಅಂಕ ಎಂದರೆ 0.8 ಮಿಲಿಮೀಟರ್. ಅಂದರೆ ಐವತ್ತು ಮೀಟರ್ ದೂರದಲ್ಲಿ ಒಂದೂವರೆ ಮಿಲಿಮೀಟರಿನಷ್ಟು ವ್ಯತ್ಯಾಸ! ನಿಮ್ಮ ಲೆಕ್ಕದ ಪುಸ್ತಕದ ರಟ್ಟಿನ ದಪ್ಪ ಅಷ್ಟಿರಬಹುದು. ಇಂಥ ಕಡೆ ತೋಟಾ ಒಳ್ಳೆಯದಿತ್ತೇ ಎಂಬ ಪ್ರಶ್ನೆ ನೆಪವಾಗಿ ಉಳಿಯುವುದಿಲ್ಲ, ವಿಜ್ಞಾನದ ಪ್ರಶ್ನೆಯೇ ಆಗುತ್ತದೆ.

ಲೋಲಕಕ್ಕೆ ಗುಂಡು ಹೊಡೆದ ಗಣಿತಜ್ಞ

ಮೊದಲು ಹದಿನೆಂಟನೆಯ ಶತಮಾನಕ್ಕೆ ಹೋಗೋಣ. ಅಂದಿನ ಸೈನಿಕರ ಬಂದೂಕಿನ ನಳಿಗೆ ಒಳಗೆ ನುಣುಪಾಗಿರುತ್ತಿತ್ತು. ಬಾಯಿಯ ಕಡೆಯಿಂದ ಮದ್ದು ಸುರಿದು, ಸೀಸದ ಗೋಲಿಯನ್ನು ಇಳಿಬಿಟ್ಟು, ಗಜದಿಂದ ಜಡಿಯಬೇಕು. ಬೇಗ ಇಳಿಯಲಿ ಎಂದು ಗೋಲಿಯನ್ನು ನಳಿಗೆಗಿಂತ ತುಸು ಸಣ್ಣದಾಗಿಯೇ ಎರಕ ಹೊಯ್ಯುತ್ತಿದ್ದರು. ಮದ್ದು ಸಿಡಿದಾಗ ಆ ಗೋಲಿ ನಳಿಗೆಯ ಗೋಡೆಗಳಿಗೆ ಅತ್ತ ಇತ್ತ ಬಡಿದುಕೊಳ್ಳುತ್ತ ಹೊರಬೀಳುತ್ತಿತ್ತು. ಕೊನೆಯ ಬಡಿತ ಯಾವ ಪಕ್ಕಕ್ಕೋ, ಗುಂಡಿನ ದಿಕ್ಕೂ ಅದರಂತೆ. ನೂರು ಗಜದಾಚೆ ಒಬ್ಬನನ್ನೇ ಗುರಿಯಿಟ್ಟು ಹೊಡೆಯುವುದು ಅದೃಷ್ಟದ ಮಾತಾಗಿತ್ತು. ಆದ್ದರಿಂದಲೇ ಸೈನಿಕರನ್ನು ಸಾಲಾಗಿ ನಿಲ್ಲಿಸಿ ಒಟ್ಟಿಗೆ ಗುಂಡು ಹಾರಿಸುತ್ತಿದ್ದರು.

ಇಂಗ್ಲೆಂಡಿನ ಬೆಂಜಮಿನ್ ರಾಬಿನ್ಸ್ ಎಂಬ ಗಣಿತಜ್ಞ 1742ರಲ್ಲಿ ತೋಪುವಿದ್ಯೆಯ ಹೊಸ ತತ್ವಗಳ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಅದರಲ್ಲಿ ಅವರು ವಿವರಿಸಿದ ಉಪಕರಣದ ತತ್ವವನ್ನು ನೀವು ಇಂದಿಗೂ ಭೌತವಿಜ್ಞಾನದ ತರಗತಿಯಲ್ಲಿ ಓದುತ್ತೀರಿ. ಭಾರವಾದ ಮರದ ಹಲಗೆಯೊಂದನ್ನು ಲೋಲಕದಂತೆ ತೂಗುಹಾಕಿ, ಅದಕ್ಕೆ ಗುಂಡು ಹೊಡೆಯುವುದು. ಗುಂಡು ಹಲಗೆಯೊಳಗೆ ಹೂತು, ಹಲಗೆ ಹಿಂದಕ್ಕೆ ತೂಗುತ್ತದೆ. ಎಷ್ಟು ತೂಗಿತು ಎಂದು ಅಳೆದರೆ ಸಂವೇಗ ಸಂರಕ್ಷಣೆಯ ನಿಯಮದಿಂದ ಗುಂಡಿನ ವೇಗ ಲೆಕ್ಕಕ್ಕೆ ಸಿಗುತ್ತದೆ. ಅದುವರೆಗೆ ಗುಂಡಿನ ವೇಗ ಕೇವಲ ಊಹೆಯ ಮಾತಾಗಿತ್ತು. ಗುಂಡು ವೇಗವಾಗಿ ಹೋದಷ್ಟೂ ಗಾಳಿ ಅದನ್ನು ಎಷ್ಟು ಬಲವಾಗಿ ತಡೆಯುತ್ತದೆ ಎಂಬುದೂ ಆಗಲೇ ಬೆಳಕಿಗೆ ಬಂದಿತು.

ರಾಬಿನ್ಸ್ ಅಲ್ಲಿಗೇ ನಿಲ್ಲಲಿಲ್ಲ. ದುಂಡು ಗುಂಡು ನಳಿಗೆಯಿಂದ ಹೊರಡುವಾಗ ಯಾವುದೋ ಒಂದು ದಿಕ್ಕಿಗೆ ತಿರುಗುತ್ತ ಹೊರಡುತ್ತದೆ, ಆ ತಿರುಗುವಿಕೆಯಿಂದಲೇ ಗಾಳಿಯಲ್ಲಿ ಪಕ್ಕಕ್ಕೆ ಬಾಗುತ್ತದೆ ಎಂದು ತೋರಿಸಿದರು. ಕ್ರಿಕೆಟ್ಟಿನಲ್ಲಿ ತಿರುಗಿಸಿ ಎಸೆದ ಚೆಂಡು ಗಾಳಿಯಲ್ಲೇ ತೇಲಿ ಪಕ್ಕಕ್ಕೆ ಸರಿಯುವುದಿಲ್ಲವೇ, ಅದೇ ಕಾರಣ. ಹಾಗಾದರೆ ಪರಿಹಾರವೇನು? ನಳಿಗೆಯೊಳಗೆ ಸುರುಳಿಯಾಕಾರದ ಗೀರುಗಳನ್ನು ಕೊರೆದು, ಪ್ರತಿಯೊಂದು ಗುಂಡೂ ತನ್ನ ಪಯಣದ ದಿಕ್ಕನ್ನೇ ಅಕ್ಷವಾಗಿಸಿಕೊಂಡು ಒಂದೇ ರೀತಿ ತಿರುಗುವಂತೆ ಮಾಡುವುದು. ಬುಗುರಿ ತಿರುಗುತ್ತಿರುವಷ್ಟು ಹೊತ್ತು ನೆಟ್ಟಗೆ ನಿಲ್ಲುವ ಹಾಗೆ. ಇಂಥ ಗೀರುಗಳಿರುವ ಕೋವಿಯೇ ರೈಫಲ್. ರೈಫಲ್ ಆಗಲೇ ಬೇಟೆಗಾರರ ಬಳಿ ಇತ್ತು. ಅದು ಏಕೆ ಚೆನ್ನಾಗಿ ಗುರಿ ಮುಟ್ಟುತ್ತದೆ ಎಂದು ಕಾರಣ ಕೊಟ್ಟವರು ರಾಬಿನ್ಸ್. ಈ ಕೋವಿಯನ್ನು ಚೆನ್ನಾಗಿ ಅರಿತ ದೇಶವೇ ಮುಂದೆ ರಣರಂಗದಲ್ಲಿ ಮೇಲುಗೈ ಸಾಧಿಸುತ್ತದೆ ಎಂದು 1747ರಲ್ಲೇ ಅವರು ಹೇಳಿದ್ದರು.

ಈ ರಾಬಿನ್ಸ್‌ಗೂ ನಮ್ಮ ದಕ್ಷಿಣ ಭಾರತಕ್ಕೂ ನಂಟಿದೆ. ಈಸ್ಟ್ ಇಂಡಿಯಾ ಕಂಪನಿಯ ಮುಖ್ಯ ಎಂಜಿನಿಯರ್ ಆಗಿ ಬಂದ ಅವರು, 1751ರಲ್ಲಿ ಕಡಲೂರಿನ ಸೇಂಟ್ ಡೇವಿಡ್ ಕೋಟೆಯಲ್ಲಿ ಜ್ವರದಿಂದ ತೀರಿಕೊಂಡರು.

ಕೊಬ್ಬು ಸವರಿದ ಕಾಗದ

ರೈಫಲ್ ಅಷ್ಟು ಒಳ್ಳೆಯದಾದರೆ ಸೈನ್ಯಗಳು ಅದನ್ನು ಕೂಡಲೇ ಏಕೆ ಕೈಗೆತ್ತಿಕೊಳ್ಳಲಿಲ್ಲ? ತೊಂದರೆ ಇದ್ದದ್ದು ಕೋವಿಯಲ್ಲಲ್ಲ, ಗುಂಡಿನಲ್ಲಿ. ಗುಂಡು ಗೀರುಗಳನ್ನು ಕಚ್ಚಿಕೊಳ್ಳಬೇಕಾದರೆ ಬಿಗಿಯಾಗಿರಬೇಕು. ಬಿಗಿಯಾದ ಗುಂಡನ್ನು ಬಾಯಿಯಿಂದ ಇಳಿಸಲು ಹೊತ್ತು ಬೇಕು. ಶತ್ರು ಅಷ್ಟು ಹೊತ್ತು ಕಾಯುವನೇ?

ಇಳಿಯುವಾಗ ಸಡಿಲವಾಗಿದ್ದು, ಹೊರಡುವಾಗ ಬಿಗಿಯಾಗುವ ಗುಂಡು ಬೇಕಾಗಿತ್ತು. 1823ರ ಸುಮಾರಿಗೆ ಬ್ರಿಟಿಷ್ ಸೈನ್ಯದ ಕ್ಯಾಪ್ಟನ್ ಜಾನ್ ನಾರ್ಟನ್ ಎಂಬಾತ ಬುಡ ಟೊಳ್ಳಾದ, ಮೂತಿ ಚೂಪಾದ ಗುಂಡನ್ನು ಮಾಡಿದ. ದಕ್ಷಿಣ ಭಾರತದಲ್ಲಿ ಊದುಗೊಳವೆಯಿಂದ ಬಾಣ ಹಾರಿಸುವವರನ್ನು ನೋಡಿ ಅವನಿಗೆ ಈ ಉಪಾಯ ಹೊಳೆಯಿತೆಂದು ಹೇಳಲಾಗುತ್ತದೆ. ಆ ಬಾಣದ ಬುಡಕ್ಕೆ ಮೆತ್ತನೆಯ ಬೆಂಡನ್ನು ಸಿಕ್ಕಿಸಿರುತ್ತಿದ್ದರು. ಊದಿದಾಗ ಅದು ಹಿಗ್ಗಿ ಗೊಳವೆಯ ಗೋಡೆಗೆ ಅಂಟಿಕೊಂಡು, ಉಸಿರು ಪಕ್ಕದಿಂದ ಸೋರದಂತೆ ತಡೆಯುತ್ತಿತ್ತು. ಇದೇ ತತ್ವದ ಗುಂಡನ್ನು 1840ರ ದಶಕದ ಕೊನೆಗೆ ಫ್ರಾನ್ಸಿನ ಕ್ಲೋಡ್ ಮಿನಿಯೆ ರೂಪಿಸಿದ. ಮದ್ದು ಸಿಡಿದಾಗ ಗುಂಡಿನ ಟೊಳ್ಳು ಬುಡ ಹಿಗ್ಗಿ ಗೀರುಗಳನ್ನು ಕಚ್ಚುತ್ತಿತ್ತು. ಬ್ರಿಟಿಷರ 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ ಈ ಬಗೆಯ ಗುಂಡನ್ನೇ ಬಳಸಿತು.

ಮುಂದಿನ ಕಥೆ ನಿಮಗೆ ಗೊತ್ತು. ಆದರೆ ಅದನ್ನು ಈ ಕೋನದಿಂದ ಬಹುಶಃ ನೋಡಿರಲಾರಿರಿ. ಎನ್‌ಫೀಲ್ಡ್ ತೋಟಾ ಎಂದರೆ ಕಾಗದದ ಸುರುಳಿ. ಒಳಗೆ ಅಳತೆ ಮಾಡಿದ ಮದ್ದು ಮತ್ತು ಗುಂಡು. ಹಲ್ಲಿನಿಂದ ಕಾಗದ ಕಚ್ಚಿ ಹರಿದು ಮದ್ದನ್ನು ಸುರಿಯಬೇಕು. ಗುಂಡಿನ ಭಾಗದ ಕಾಗದಕ್ಕೆ ಜಿಡ್ಡು ಸವರಿರುತ್ತಿದ್ದರು. ಯಾಕೆ? ಕಪ್ಪು ಮದ್ದು ಉರಿದರೆ ನಳಿಗೆಯಲ್ಲಿ ಗಟ್ಟಿ ಮಸಿ ಕೂರುತ್ತದೆ. ಜಿಡ್ಡು ಇಲ್ಲದಿದ್ದರೆ ಕೆಲವು ಸುತ್ತುಗಳಾಗುವುದರಲ್ಲಿ ಗುಂಡು ಇಳಿಯುವುದೂ ಕಷ್ಟ, ಗುರಿ ಮುಟ್ಟುವುದೂ ಕಷ್ಟ. ಗುರಿಗಾಗಿ ಬೇಕಾದ ಆ ಜಿಡ್ಡು ಹಸುವಿನ ಮತ್ತು ಹಂದಿಯ ಕೊಬ್ಬು ಎಂಬ ಸುದ್ದಿ 1857ರ ಜನವರಿಯಲ್ಲಿ ಕಲ್ಕತ್ತೆಯ ಬಳಿಯ ಡಂಡಂನಿಂದ ಹಬ್ಬಿತು. ಸಿಪಾಯಿಗಳು ತಮಗೆ ಒಪ್ಪಿಗೆಯಾದ ಜಿಡ್ಡನ್ನು ತಾವೇ ಸವರಿಕೊಳ್ಳಬಹುದೆಂದು ಸರ್ಕಾರ ಆಮೇಲೆ ಹೇಳಿದರೂ ನಂಬಿಕೆ ಆಗಲೇ ಮುರಿದಿತ್ತು. ಮಾರ್ಚ್ 29ರಂದು ಬ್ಯಾರಕ್‌ಪುರದಲ್ಲಿ ಮಂಗಲ್ ಪಾಂಡೆ ಬಂದೂಕು ಎತ್ತಿದರು. ಆ ಮಹಾ ಬಂಡಾಯಕ್ಕೆ ಕಾರಣಗಳು ಹಲವು. ತೋಟಾ ಅದರ ಕಿಡಿ ಮಾತ್ರ. ಆದರೂ ಒಂದು ಮಾತು ನೆನಪಿಡಿ: ದೂರದ ಕಾರ್ಖಾನೆಯಲ್ಲಿ ತಯಾರಾದ ವಸ್ತುವಿನೊಳಗೆ ಏನಿದೆ ಎಂದು ಬಳಸುವವನಿಗೆ ತಿಳಿಯದೇ ಹೋದರೆ, ಅವನು ಒಂದೋ ಕುರುಡಾಗಿ ನಂಬಬೇಕು, ಇಲ್ಲವೇ ಸಂಶಯಪಡಬೇಕು. ಮೂರನೆಯ ದಾರಿ ಪರೀಕ್ಷೆ. ಸಿಪಾಯಿಗೆ ಆ ದಾರಿಯನ್ನು ಯಾರೂ ತೆರೆದಿರಲಿಲ್ಲ.

ಸ್ಕ್ರೂ ಅಳೆದವನ ರೈಫಲ್

ಅದೇ 1857ರಲ್ಲಿ ಇಂಗ್ಲೆಂಡಿನಲ್ಲಿ ಇನ್ನೊಂದು ಬಗೆಯ ಪರೀಕ್ಷೆ ನಡೆಯುತ್ತಿತ್ತು. ಎನ್‌ಫೀಲ್ಡ್ ಕೋವಿಗಳಲ್ಲಿ ಒಂದು ಚೆನ್ನಾಗಿ ಹೊಡೆದರೆ ಇನ್ನೊಂದು ಹೊಡೆಯುತ್ತಿರಲಿಲ್ಲ. ಕಾರಣ ಹುಡುಕುವ ಕೆಲಸವನ್ನು ಸರ್ಕಾರ ಜೋಸೆಫ್ ವಿಟ್‌ವರ್ತ್ ಎಂಬ ಎಂಜಿನಿಯರ್‌ಗೆ ಒಪ್ಪಿಸಿತ್ತು. ಕೋವಿ ಮಾಡುವುದು ಅವರ ಕಸುಬಾಗಿರಲಿಲ್ಲ. ಅಳೆಯುವುದು ಅವರ ಕಸುಬು. ಸ್ಕ್ರೂಗಳ ಎಳೆಗೆ 1841ರಲ್ಲಿ ಒಂದೇ ಅಳತೆಯ ಮಾದರಿಯನ್ನು ಸೂಚಿಸಿದವರು ಅವರೇ. ಅಂಗುಲದ ಹತ್ತು ಲಕ್ಷದ ಒಂದು ಭಾಗದಷ್ಟು ವ್ಯತ್ಯಾಸವನ್ನು ತೋರಿಸುವ ಯಂತ್ರವನ್ನೂ ಅವರು ಮಾಡಿದ್ದರು.

ವಿಟ್‌ವರ್ತ್ ನಳಿಗೆಯ ರಂಧ್ರವನ್ನು ಆರು ಮೂಲೆಯದಾಗಿ ಮಾಡಿದರು. ಗುಂಡನ್ನೂ ಅದಕ್ಕೆ ಸರಿಹೊಂದುವಂತೆ ಆರು ಮೂಲೆಯದಾಗಿಯೇ, ತೆಳುವಾಗಿ ಉದ್ದವಾಗಿ ಮಾಡಿದರು. ಎನ್‌ಫೀಲ್ಡ್‌ನಲ್ಲಿ 78 ಅಂಗುಲಕ್ಕೆ ಒಂದು ಸುತ್ತು ಬರುತ್ತಿದ್ದ ಗುಂಡು ವಿಟ್‌ವರ್ತ್ ಕೋವಿಯಲ್ಲಿ 20 ಅಂಗುಲಕ್ಕೇ ಒಂದು ಸುತ್ತು ಬರುತ್ತಿತ್ತು. 500 ಗಜ ದೂರದ ಪರೀಕ್ಷೆಯಲ್ಲಿ ಎನ್‌ಫೀಲ್ಡ್ ಗುಂಡುಗಳು ತಮ್ಮ ಗುಚ್ಛದ ಕೇಂದ್ರದಿಂದ ಸರಾಸರಿ 2.24 ಅಡಿ ದೂರ ಬಿದ್ದರೆ, ವಿಟ್‌ವರ್ತ್ ಗುಂಡುಗಳು ಬಿದ್ದದ್ದು 0.37 ಅಡಿ ದೂರದಲ್ಲಿ. ಆರರಲ್ಲಿ ಒಂದು ಪಾಲು!

ಇಲ್ಲಿ ಕೋವಿಯಷ್ಟೇ ಮುಖ್ಯವಾದದ್ದು ಅಳತೆಯ ರೀತಿ. ಅತಿ ಚೆನ್ನಾಗಿ ಬಿದ್ದ ಗುಂಡನ್ನು ತೋರಿಸಿ ಬೆನ್ನು ತಟ್ಟಿಕೊಳ್ಳುವುದಲ್ಲ, ಅತಿ ಕೆಟ್ಟದ್ದನ್ನು ಮರೆಮಾಚುವುದೂ ಅಲ್ಲ. ಬಿದ್ದ ಎಲ್ಲ ಗುಂಡುಗಳ ಕೇಂದ್ರವನ್ನು ಕಂಡುಹಿಡಿದು, ಅಲ್ಲಿಂದ ಪ್ರತಿಯೊಂದರ ದೂರವನ್ನೂ ಅಳೆದು ಸರಾಸರಿ ತೆಗೆಯುವುದು. ಈ ಮಾತಿಗೆ ಮತ್ತೆ ಬರುತ್ತೇನೆ.

1860ರಲ್ಲಿ ವಿಂಬಲ್ಡನ್‌ನಲ್ಲಿ ನಡೆದ ಗುರಿಹೊಡೆಯುವವರ ಮೊದಲ ಕೂಟವನ್ನು ವಿಕ್ಟೋರಿಯಾ ರಾಣಿ ಉದ್ಘಾಟಿಸಿದ್ದು ವಿಟ್‌ವರ್ತ್ ರೈಫಲ್‌ನಿಂದ. ಕೋವಿಯನ್ನು ಕಬ್ಬಿಣದ ಆಧಾರಕ್ಕೆ ಬಿಗಿದಿದ್ದರು. ರಾಣಿ ದಾರ ಎಳೆದದ್ದಷ್ಟೇ. 400 ಗಜ ದೂರದ ಗುರಿಯ ಕೇಂದ್ರದಿಂದ ಎರಡು ಅಂಗುಲದೊಳಗೆ ಗುಂಡು ಬಿತ್ತು. ಮನುಷ್ಯನ ಕೈಯನ್ನು ಬದಿಗಿಟ್ಟು ಕೋವಿ ಮತ್ತು ಗುಂಡನ್ನು ಮಾತ್ರ ಪರೀಕ್ಷಿಸುವ ಕ್ರಮ ಅದು. ಗಾದೆಯ ಭಾಷೆಯಲ್ಲಿ ಹೇಳುವುದಾದರೆ, ಕುಣಿಯುವವಳನ್ನು ಕೂರಿಸಿ ನೆಲವನ್ನು ಮಾತ್ರ ಅಳೆದ ಹಾಗೆ.

ಬೇಕೆಂದೇ ಗುಂಡು ಕೆಡಿಸಿದ ಡಾಕ್ಟರು

ಹತ್ತೊಂಬತ್ತನೆಯ ಶತಮಾನದ ದ್ವಿತೀಯಾರ್ಧದಲ್ಲಿ ಕಾಗದದ ತೋಟಾ ಹೋಗಿ ಹಿತ್ತಾಳೆಯ ತೋಟಾ ಬಂತು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆ ಹೊಗೆರಹಿತ ಮದ್ದನ್ನು ತಯಾರಿಸಿದ. ಕೇಪು, ಮದ್ದು, ಗುಂಡು ಮೂರೂ ಒಂದೇ ಚಿಪ್ಪಿನಲ್ಲಿ ಕೂತು, ಕಾರ್ಖಾನೆಯಿಂದ ಸಾವಿರ ಸಾವಿರವಾಗಿ ಹೊರಬರತೊಡಗಿದವು. ಎಲ್ಲವೂ ಕಣ್ಣಿಗೆ ಒಂದೇ ತೆರ. ಆದರೂ ಒಂದೇ ಕೋವಿಯಿಂದ, ಒಂದೇ ಆಧಾರದ ಮೇಲಿಂದ ಹೊಡೆದ ಗುಂಡುಗಳು ಒಂದೇ ತೂತಿನಲ್ಲಿ ಹೋಗುತ್ತಿರಲಿಲ್ಲ. ಏಕೆ?

ಈ ಪ್ರಶ್ನೆಗೆ ಅಂಟಿಕೊಂಡವರು ಅಮೆರಿಕದ ಫ್ರಾಂಕ್ಲಿನ್ ಮ್ಯಾನ್. ಓದಿದ್ದು ವೈದ್ಯಕೀಯ, ಮನಸ್ಸೆಲ್ಲ ಗುಂಡಿನ ಹಾರಾಟದ ಮೇಲೆ. ನೆಲದಲ್ಲಿ ಕಾಂಕ್ರೀಟ್ ಕಂಬ ಹೂತು ಅದರ ಮೇಲೆ ನಳಿಗೆಯನ್ನು ಕೂರಿಸಿದರು. ಗುಂಡು ಹೋಗುವ ದಾರಿಯುದ್ದಕ್ಕೂ ತೆಳು ಕಾಗದದ ತೆರೆಗಳನ್ನು ಕಟ್ಟಿ, ಒಂದೊಂದರಲ್ಲೂ ಬಿದ್ದ ತೂತನ್ನು ನೋಡಿ ಗುಂಡು ಎಲ್ಲಿ ಓಲಾಡಿತು, ಎಲ್ಲಿ ವಾಲಿತು ಎಂದು ಗುರುತಿಸಿದರು. ಆಮೇಲೆ ಅವರು ಮಾಡಿದ ಕೆಲಸ ನೋಡಿ: ಒಳ್ಳೆಯ ಗುಂಡುಗಳನ್ನು ಬೇಕೆಂದೇ ಕೆಡಿಸಿದರು! ಕೆಲವದರ ಮೂತಿಯನ್ನು ಜಜ್ಜಿದರು, ಕೆಲವದರ ಬುಡದ ಅಂಚನ್ನು ತುಸು ಅರದಿಂದ ಉಜ್ಜಿದರು.

ಯಾವುದು ಹೆಚ್ಚು ದಾರಿ ತಪ್ಪಿತೆಂದು ನೀವು ಊಹಿಸುವಿರಿ? ಗಾಳಿಯನ್ನು ಸೀಳುವುದು ಮೂತಿ, ಆದ್ದರಿಂದ ಮೂತಿ ಕೆಟ್ಟದ್ದೇ ಇರಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಉತ್ತರ ತಿರುವುಮುರುವು. ಮೂತಿ ಕೆಟ್ಟ ಗುಂಡುಗಳು ಹೆಚ್ಚುಕಡಿಮೆ ನೇರವಾಗಿಯೇ ಹೋದವು. ಬುಡ ಕೆಟ್ಟವು ಚೆಲ್ಲಾಪಿಲ್ಲಿಯಾದವು. ಗುಂಡು ನಳಿಗೆಯ ಬಾಯಿಯನ್ನು ದಾಟುವ ಗಳಿಗೆಯಲ್ಲಿ ಹಿಂದಿನಿಂದ ಒತ್ತುವ ಬಿಸಿ ಅನಿಲ ಬುಡದ ಸುತ್ತಲಿಂದ ಹೊರನುಗ್ಗುತ್ತದೆ. ಬುಡದ ಅಂಚು ಒಂದು ಕಡೆ ಸವೆದಿದ್ದರೆ ಅನಿಲ ಆ ಕಡೆಯಿಂದ ಮೊದಲು ನುಗ್ಗಿ ಗುಂಡನ್ನು ವಾಲಿಸುತ್ತದೆ. ದೋಣಿ ದಡ ಬಿಡುವಾಗ ಯಾರೋ ಒಂದು ಬದಿಯಿಂದ ತಳ್ಳಿದಂತೆ. ಈ ಪ್ರಯೋಗಗಳ ವಿವರಗಳನ್ನೆಲ್ಲ ಸೇರಿಸಿ ಮ್ಯಾನ್ 1909ರಲ್ಲಿ ಪುಸ್ತಕ ಪ್ರಕಟಿಸಿದರು. ಎಲ್ಲರಿಗೂ ಸರಿಯೆಂದು ತೋರುವುದನ್ನೂ ಪರೀಕ್ಷಿಸಿಯೇ ಒಪ್ಪಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಬೇರೆ ತೋಚದು.

ಪರೀಕ್ಷೆ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದಕ್ಕೂ ಅದೇ ದೇಶದಲ್ಲಿ ಒಂದು ನಿದರ್ಶನವಿದೆ. 1921ರ ರಾಷ್ಟ್ರೀಯ ಸ್ಪರ್ಧೆಗೆಂದು ಅಮೆರಿಕದ ಸರ್ಕಾರಿ ಕಾರ್ಖಾನೆ ತವರದ ಲೇಪನವಿದ್ದ ಗುಂಡುಗಳ ತೋಟಾ ತಯಾರಿಸಿತು. ನಳಿಗೆಯಲ್ಲಿ ಲೋಹ ಮೆತ್ತಿಕೊಳ್ಳದಿರಲಿ ಎಂಬುದು ಉದ್ದೇಶ. ಗುರಿ ಬಹಳ ಚೆನ್ನಾಗಿಯೇ ಇತ್ತು. ಆದರೆ ಗುಂಡಿನ ತವರ ಚಿಪ್ಪಿನ ಕತ್ತಿಗೆ ಬೆಸುಗೆಯಂತೆ ಅಂಟಿಕೊಂಡಿತು. ಅದರ ಮೇಲೆ ಕೆಲವರು ಹಳೆಯ ಅಭ್ಯಾಸದಂತೆ ಗುಂಡಿಗೆ ಗ್ರೀಸ್ ಅದ್ದಿ ಹೊಡೆದರು. ನಳಿಗೆಯೊಳಗಿನ ಒತ್ತಡ ಅಪಾಯದ ಮಟ್ಟಕ್ಕೇರಿತು. ಮರುವರ್ಷವೇ ಆ ಲೇಪನವನ್ನು ಕೈಬಿಟ್ಟು, ಗುಂಡಿನ ಹೊದಿಕೆಯ ಲೋಹವನ್ನೇ ಬದಲಿಸಿದರು. ಗುರಿ ಚೆನ್ನಾಗಿದ್ದ ಮಾತ್ರಕ್ಕೆ ತೋಟಾ ಚೆನ್ನಾಗಿದೆ ಎನ್ನಲಾಗದು.

ಪೆಟ್ಟಿಗೆಯ ಮೇಲಿನ ಪುಟ್ಟ ಸಂಖ್ಯೆ

ಈಗ ನಾವು ಮೊದಲು ನೋಡಿದ 50 ಮೀಟರ್ ಸ್ಪರ್ಧೆಗೆ ಮರಳೋಣ. ಅಲ್ಲಿ ಬಳಸುವುದು ಪಾಯಿಂಟ್ ಟೂ ಟೂ ತೋಟಾ. ಫ್ರಾನ್ಸಿನ ಫ್ಲೋಬೇರ್ 1845ರಲ್ಲಿ ಮಾಡಿದ ಪುಟ್ಟ ತೋಟಾದ ವಂಶದ್ದು. ಈಗಿನ ಲಾಂಗ್ ರೈಫಲ್ ರೂಪ ಬಂದದ್ದು 1887ರಲ್ಲಿ. ಸೀಸದ ಗುಂಡಿನ ತೂಕ ಸುಮಾರು 2.6 ಗ್ರಾಂ. ದೊಡ್ಡ ತೋಟಾಗಳಲ್ಲಿ ಕೇಪು ಬುಡದ ನಡುವೆ ಇರುತ್ತದೆ. ಅದನ್ನು ತೆಗೆದು ಹೊಸದು ಕೂರಿಸಿ, ಮದ್ದು ತೂಗಿ, ಗುಂಡು ಆರಿಸಿ, ಬಳಸುವವರೇ ತುಂಬಿಕೊಳ್ಳಬಹುದು. ಪಾಯಿಂಟ್ ಟೂ ಟೂ ತೋಟಾದಲ್ಲಿ ಸಿಡಿಯುವ ಮಿಶ್ರಣ ಬುಡದ ಅಂಚಿನ ಮಡಿಕೆಯೊಳಗೆ ಇರುತ್ತದೆ. ಒಮ್ಮೆ ಹೊಡೆದರೆ ಅಂಚು ಜಜ್ಜಿಹೋಗುತ್ತದೆ. ಆದ್ದರಿಂದ ಎಷ್ಟು ದೊಡ್ಡ ಸ್ಪರ್ಧಿಯೇ ಆಗಲಿ, ಕಾರ್ಖಾನೆ ಕೊಟ್ಟದ್ದನ್ನೇ ಹೊಡೆಯಬೇಕು. ಅವರಿಗೆ ಉಳಿದಿರುವ ಸ್ವಾತಂತ್ರ್ಯ ಒಂದೇ: ಆಯ್ಕೆ.

ಆಯ್ಕೆ ಏಕೆ ಬೇಕು ಎಂಬುದನ್ನು ನೀವೇ ಲೆಕ್ಕ ಹಾಕಿ. ಸ್ಪರ್ಧೆಯ ತೋಟಾದ ವೇಗವನ್ನು ಬೇಕೆಂದೇ ಶಬ್ದದ ವೇಗಕ್ಕಿಂತ ಕಡಿಮೆ ಇಟ್ಟಿರುತ್ತಾರೆ; ಶಬ್ದದ ವೇಗವನ್ನು ದಾಟಿ ಮತ್ತೆ ಕೆಳಗಿಳಿಯುವಾಗ ಗುಂಡಿಗೆ ಅಲುಗಾಟ ಉಂಟಾಗುತ್ತದೆ. ಸೆಕೆಂಡಿಗೆ ಸರಾಸರಿ 310 ಮೀಟರಿನಂತೆ ಹೋದರೆ 50 ಮೀಟರ್ ತಲುಪಲು ಸುಮಾರು 0.16 ಸೆಕೆಂಡು ಬೇಕು. ಅಷ್ಟರಲ್ಲಿ ಗುರುತ್ವಾಕರ್ಷಣೆ ಗುಂಡನ್ನು ಸುಮಾರು 12.5 ಸೆಂಟಿಮೀಟರ್ ಕೆಳಗೆಳೆಯುತ್ತದೆ. ದೃಷ್ಟಿಸಾಧನವನ್ನು ಸರಿಹೊಂದಿಸಿ ಇದನ್ನು ತುಂಬಿಕೊಳ್ಳಬಹುದು, ಅದು ಕಷ್ಟವಲ್ಲ. ಆದರೆ ಒಂದು ತೋಟಾದ ವೇಗ ಇನ್ನೊಂದಕ್ಕಿಂತ ಬರೀ ನೂರಕ್ಕೆ ಒಂದರಷ್ಟು ಕಡಿಮೆಯಾದರೆ? ಇಳಿತ ಕಾಲದ ವರ್ಗಕ್ಕೆ ಅನುಗುಣವಾದ್ದರಿಂದ ನೂರಕ್ಕೆ ಎರಡರಷ್ಟು ಹೆಚ್ಚುತ್ತದೆ. 12.5 ಸೆಂಟಿಮೀಟರಿನ ನೂರಕ್ಕೆ ಎರಡು ಎಂದರೆ 2.5 ಮಿಲಿಮೀಟರ್. ಅಂಕದಲ್ಲಿ 0.3! ಕೈ ನಡುಗಲಿಲ್ಲ, ಕಣ್ಣು ತಪ್ಪಲಿಲ್ಲ, ಅಂಕ ಹೋಯಿತು.

ಕಾರ್ಖಾನೆಯವರು ಅಜಾಗರೂಕರೆಂದು ಇದರ ಅರ್ಥವಲ್ಲ. ಇಂಗ್ಲೆಂಡಿನ ಎಲೀ, ಜರ್ಮನಿಯ ಆರ್‌ಡಬ್ಲ್ಯೂಎಸ್, ಫಿನ್‌ಲೆಂಡ್ ಮೂಲದ ಲಾಪುವಾ ಮುಂತಾದ ಸಂಸ್ಥೆಗಳು ಈ ಪುಟ್ಟ ತೋಟಾಕ್ಕಾಗಿ ದಶಕಗಳಿಂದ ಬೆವರು ಸುರಿಸಿವೆ. ಆದರೂ ಅಂಚಿನೊಳಗೆ ಹರಡಿದ ಮಿಶ್ರಣ ಕೂದಲೆಳೆಯಷ್ಟು ಹೆಚ್ಚುಕಡಿಮೆಯಾಗಬಹುದು. ಮದ್ದಿನ ಹೊಸ ಪೀಪಾಯಿ ಹಿಂದಿನದಕ್ಕಿಂತ ತುಸು ಬೇರೆಯಾಗಿ ಉರಿಯಬಹುದು. ಗುಂಡು ಒತ್ತುವ ಅಚ್ಚು ಸವೆಯುತ್ತದೆ, ಮೇಣದ ಲೇಪನ ಬದಲಾಗುತ್ತದೆ. ಆದ್ದರಿಂದ ಒಂದೇ ಯಂತ್ರದಲ್ಲಿ, ಒಂದೇ ಸಾಮಗ್ರಿಯಿಂದ ತಯಾರಾದ ತೋಟಾಗಳಿಗೆ ಒಂದೇ ಲಾಟ್ ಸಂಖ್ಯೆ ಹಾಕಿ ಪೆಟ್ಟಿಗೆಯ ಮೇಲೆ ಮುದ್ರಿಸುತ್ತಾರೆ. ಒಂದೇ ಹೆಸರು, ಒಂದೇ ಬೆಲೆ, ಒಂದೇ ಬಣ್ಣದ ಪೆಟ್ಟಿಗೆ. ಲಾಟ್ ಮಾತ್ರ ಬೇರೆ. ಅನುಭವಿಗಳು ಮೊದಲು ನೋಡುವುದು ಆ ಪುಟ್ಟ ಸಂಖ್ಯೆಯನ್ನು. ನಮ್ಮ ಮನೆಗಳಲ್ಲಿ ಅಕ್ಕಿ ಕೊಳ್ಳುವಾಗ ಹೆಸರು ಒಂದೇ ಆದರೂ ಹೊಸ ಮೂಟೆಯಿಂದ ಒಂದು ಹಿಡಿ ತಂದು ಅನ್ನ ಮಾಡಿ ನೋಡುವುದಿಲ್ಲವೇ? ಹಾಗೆ.

ಇನ್ನೊಂದು ಸ್ವಾರಸ್ಯ: ಎಲ್ಲ ಕೋವಿಗೂ ಒಳ್ಳೆಯದಾದ ಲಾಟ್ ಎಂಬುದಿಲ್ಲ. ನಳಿಗೆಗಳ ಒಳ ಅಳತೆ ಮೈಕ್ರಾನುಗಳಲ್ಲಿ ಬೇರೆಯಾಗಿರುತ್ತದೆ. ಗುಂಡು ಹೊರಡುವಾಗ ಪ್ರತಿ ನಳಿಗೆಯೂ ತನ್ನದೇ ರೀತಿಯಲ್ಲಿ ಕಂಪಿಸುತ್ತದೆ. ಗೆಳೆಯನ ಕೋವಿಗೆ ಒಪ್ಪಿದ ತೋಟಾ ನಿಮ್ಮದಕ್ಕೆ ಒಪ್ಪಬೇಕೆಂದಿಲ್ಲ. ಆದ್ದರಿಂದಲೇ ದೊಡ್ಡ ಸ್ಪರ್ಧಿಗಳು ತಮ್ಮ ರೈಫಲ್ ಹೊತ್ತು ತಯಾರಕರ ಪರೀಕ್ಷಾ ಕೇಂದ್ರಕ್ಕೇ ಹೋಗುತ್ತಾರೆ. ನಳಿಗೆಯನ್ನು ಉಕ್ಕಿನ ಆಧಾರಕ್ಕೆ ಬಿಗಿದು, ಒಂದೊಂದು ಲಾಟಿನಿಂದಲೂ ಹತ್ತು ಹತ್ತು ಗುಂಡು ಹಾರಿಸಿ, ಹೊಂದಿದ ಲಾಟ್ ಸಿಕ್ಕಿದರೆ ಸಾವಿರಾರು ತೋಟಾಗಳನ್ನು ಒಟ್ಟಿಗೆ ಕೊಂಡುಬಿಡುತ್ತಾರೆ. ಹೊಂದಿದ ಲಾಟಿನ ಹತ್ತು ಗುಂಡುಗಳು ಮಾಡಿದ ತೂತು ಒಂದು ರೂಪಾಯಿ ನಾಣ್ಯದಡಿ ಅಡಗಿಹೋಗುತ್ತದೆ. 2024ರ ಆಗಸ್ಟ್ 1ರಂದು ಪ್ಯಾರಿಸ್ ಒಲಿಂಪಿಕ್ಸ್‌ನ 50 ಮೀಟರ್ ಮೂರು ಭಂಗಿಗಳ ಸ್ಪರ್ಧೆಯಲ್ಲಿ ಕೊಲ್ಲಾಪುರ ಜಿಲ್ಲೆಯ ಸ್ವಪ್ನಿಲ್ ಕುಸಾಲೆ 451.4 ಅಂಕಗಳೊಂದಿಗೆ ಕಂಚು ಗೆದ್ದರಲ್ಲ, ಆ ಫೈನಲ್‌ನ 44 ಗುಂಡುಗಳಲ್ಲಿ ಅವರ ಸರಾಸರಿ ಸುಮಾರು 10.26. ಪ್ರತಿ ಗುಂಡೂ ಕೇಂದ್ರದಿಂದ ಸರಾಸರಿ ಆರು ಮಿಲಿಮೀಟರಿನೊಳಗೆ ಎಂದರ್ಥ. ಅಷ್ಟರೊಳಗೆ ಮನುಷ್ಯನ ಉಸಿರು, ಎದೆಬಡಿತ, ಗಾಳಿ ಎಲ್ಲವೂ ಸೇರಬೇಕು. ತೋಟಾಕ್ಕೆಂದು ಬಿಟ್ಟುಕೊಡಬಹುದಾದ ಜಾಗ ಎಷ್ಟು ಕಡಿಮೆ ಎಂದು ಈಗ ತಿಳಿಯಿತೇ?

ಹತ್ತು ಮೀಟರಿನ ಏರ್ ರೈಫಲ್ ಇನ್ನೂ ಕಠಿಣ. ಅಲ್ಲಿ ಹತ್ತರ ಗುರುತು ಅರ್ಧ ಮಿಲಿಮೀಟರಿನ ಚುಕ್ಕೆ. ನಮ್ಮ ಚಿಕ್ಕಬಳ್ಳಾಪುರದಲ್ಲಿ ಹುಟ್ಟಿದ ಸುಮಾ ಶಿರೂರು 2004ರ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಫೈನಲ್ ತಲುಪಿದ್ದು, ಅಭಿನವ್ ಬಿಂದ್ರಾ 2008ರಲ್ಲಿ ಬೀಜಿಂಗ್‌ನಲ್ಲಿ 700.5 ಅಂಕಗಳಿಂದ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲೇ. ಅಲ್ಲಿ ಮದ್ದಿಲ್ಲ, ಬರೀ ಒತ್ತಿದ ಗಾಳಿ. ಆದರೂ 4.5 ಮಿಲಿಮೀಟರಿನ ಸೀಸದ ಚರೆಯನ್ನು ಮಿಲಿಮೀಟರಿನ ನೂರನೆಯ ಭಾಗದ ವ್ಯತ್ಯಾಸದಲ್ಲಿ ವಿಂಗಡಿಸಿ ಮಾರುತ್ತಾರೆ, ಸ್ಪರ್ಧಿಗಳು ಅದನ್ನೂ ಪರೀಕ್ಷಿಸಿಯೇ ಆರಿಸುತ್ತಾರೆ.

ಐದು ಗುಂಡಿನ ಮೋಸ

ಇಷ್ಟೆಲ್ಲ ಯಂತ್ರ, ಲಾಟ್, ಪರೀಕ್ಷೆ ಇದ್ದರೂ ಒಂದು ಮೋಸ ಉಳಿದೇ ಇದೆ. ನಮ್ಮನ್ನು ನಾವೇ ಮೋಸಗೊಳಿಸಿಕೊಳ್ಳುವುದು.

ಒಂದೇ ಪೆಟ್ಟಿಗೆಯಿಂದ ಐದೈದು ಗುಂಡುಗಳ ಹತ್ತು ಗುಚ್ಛ ಹೊಡೆಯಿರಿ ಎಂದಿಟ್ಟುಕೊಳ್ಳಿ. ಎಲ್ಲವೂ ಒಂದೇ ತೋಟಾ, ಒಂದೇ ನಳಿಗೆ. ಆದರೂ ಅತಿ ದೊಡ್ಡ ಗುಚ್ಛ ಅತಿ ಸಣ್ಣದರ ಎರಡು ಪಟ್ಟು ಇರುವುದು ಸಾಮಾನ್ಯ. ಇದು ದೋಷವಲ್ಲ, ಆಕಸ್ಮಿಕತೆಯ ಸಹಜ ನಡೆ. ಈಗ ಹತ್ತು ಬೇರೆ ಬೇರೆ ಲಾಟುಗಳಿಂದ ಒಂದೊಂದೇ ಗುಚ್ಛ ಹೊಡೆದು, ಅತಿ ಸಣ್ಣದು ಬಂದದ್ದನ್ನು ಆರಿಸಿದಿರಿ. ನೀವು ಆರಿಸಿದ್ದು ಒಳ್ಳೆಯ ಲಾಟನ್ನೋ, ಆ ಹೊತ್ತಿನ ಅದೃಷ್ಟವನ್ನೋ? ಹತ್ತೂ ಲಾಟುಗಳು ಒಂದೇ ಗುಣದವಾಗಿದ್ದರೂ ಯಾವುದೋ ಒಂದು ಗೆಲ್ಲಲೇಬೇಕಲ್ಲ!

ಡಬ್ಲಿನ್‌ನ ಗಿನ್ನೆಸ್ ಬಿಯರ್ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ ವಿಲಿಯಂ ಗಾಸೆಟ್ ಎದುರಿಸಿದ್ದೂ ಇದೇ ತೊಡಕನ್ನು. ನಾಲ್ಕಾರು ಮಾದರಿಗಳನ್ನು ಮಾತ್ರ ನೋಡಿ ಎಷ್ಟರಮಟ್ಟಿಗೆ ನಂಬಬಹುದು? 1908ರಲ್ಲಿ ಅವರು ‘ಸ್ಟೂಡೆಂಟ್’ ಎಂಬ ಗುಪ್ತನಾಮದಲ್ಲಿ ಪ್ರಕಟಿಸಿದ ಪ್ರಬಂಧ ಇಂದಿನ ಸಂಖ್ಯಾಶಾಸ್ತ್ರದ ಒಂದು ಅಡಿಗಲ್ಲು. ಬಾರ್ಲಿಗೆ ಅನ್ವಯಿಸಿದ ಲೆಕ್ಕ ಗುಂಡಿಗೂ ಅನ್ವಯಿಸುತ್ತದೆ.

ಹಾಗಾದರೆ ತೋಟಾ ಆರಿಸುವ ಪ್ರಾಮಾಣಿಕ ದಾರಿ ಯಾವುದು? ಒಂದು ಗುಚ್ಛಕ್ಕೆ ತೃಪ್ತಿಪಡದೆ ಹಲವು ಗುಚ್ಛ ಹೊಡೆಯುವುದು. ಎರಡು ಅಂಚಿನ ಗುಂಡುಗಳ ನಡುವಿನ ಅಂತರವನ್ನಷ್ಟೇ ಅಳೆಯದೆ, 1857ರ ಪರೀಕ್ಷಕರಂತೆ ಎಲ್ಲ ಗುಂಡುಗಳ ಸರಾಸರಿ ದೂರವನ್ನು ತೆಗೆಯುವುದು. ಲಾಟುಗಳನ್ನು ಸರದಿ ಬದಲಿಸಿ ಹೊಡೆಯುವುದು. ಇಲ್ಲದಿದ್ದರೆ ನಳಿಗೆ ಬಿಸಿಯಾದದ್ದು, ಗಾಳಿ ಎದ್ದದ್ದು ಯಾವುದೋ ಒಂದರ ತಲೆಗೆ ಬರುತ್ತದೆ. ಯಾವ ಲಾಟ್ ಎಂದು ಹೊಡೆಯುವವನಿಗೆ ತಿಳಿಯದಂತೆ ಇನ್ನೊಬ್ಬರು ಕೊಡುತ್ತಿದ್ದರೆ ಇನ್ನೂ ಒಳ್ಳೆಯದು. ಕಡೆಯದಾಗಿ, ಗೆದ್ದ ಲಾಟನ್ನು ಇನ್ನೊಂದು ದಿನ ಮತ್ತೆ ಪರೀಕ್ಷಿಸುವುದು. ಎರಡನೆಯ ದಿನವೂ ಅದು ಗೆದ್ದರೆ ಮಾತ್ರ ನಂಬುವುದು.

ನಿಮ್ಮ ಮೇಜಿನ ಮೇಲೆ

ಬಂದೂಕು ಪರವಾನಗಿಯಿಲ್ಲದೆ ಮುಟ್ಟುವ ವಸ್ತುವಲ್ಲ, ಆಟದ ಸಾಮಾನೂ ಅಲ್ಲ. ಈ ಪ್ರಯೋಗಕ್ಕೆ ಅದು ಬೇಕಾಗಿಯೂ ಇಲ್ಲ. ಮೇಜಿನ ಮೇಲೆ ನಡುವೆ ಕಾಲುವೆಯಂಥ ಗೀರಿರುವ ಒಂದು ಸ್ಕೇಲನ್ನು ಪುಸ್ತಕಗಳ ಆಸರೆಯಲ್ಲಿ ಇಳಿಜಾರಾಗಿ ಅಲುಗದಂತೆ ಬಿಗಿಯಿರಿ. ಅದರ ಕೆಳತುದಿ ಮೇಜಿನ ಅಂಚಿಗೆ ಬರಲಿ. ಕೆಳಗೆ ನೆಲದ ಮೇಲೆ ಬಿಳಿ ಕಾಗದ, ಅದರ ಮೇಲೆ ಕಾರ್ಬನ್ ಕಾಗದ. ಸೈಕಲ್ ಅಂಗಡಿಯಿಂದ ತಂದ ಉಕ್ಕಿನ ಗುಂಡುಗಳು ಹತ್ತು, ಹುಡುಗರು ಆಡುವ ಗಾಜಿನ ಗೋಲಿಗಳು ಹತ್ತು. ಒಂದೇ ಎತ್ತರದಿಂದ ಒಂದೊಂದಾಗಿ ಬಿಡಿ. ನೆಲಕ್ಕೆ ಬಿದ್ದಲ್ಲೆಲ್ಲ ಚುಕ್ಕೆ ಮೂಡುತ್ತದೆ. ಚುಕ್ಕೆಗಳ ಕೇಂದ್ರ ಹುಡುಕಿ, ಪ್ರತಿಯೊಂದರ ದೂರ ಅಳೆದು, ಸರಾಸರಿ ತೆಗೆಯಿರಿ. ಯಾವುದು ಗೆದ್ದಿತು? ಮೊದಲ ಸಲದ ಫಲವನ್ನೇ ನಂಬಿ ಕೂರಬೇಡಿ. ನಾಳೆ ಮತ್ತೆ ಮಾಡಿ. ಇನ್ನೊಬ್ಬರ ಕೈಯಲ್ಲಿ ಮಾಡಿಸಿ.

ಟಿ.ವಿ. ತೆರೆಯ ಮೇಲೆ ಗುರಿಹೊಡೆಯುವವರನ್ನು ತೋರಿಸುವಾಗ ನಾವು ತೋರಿಸುವುದು ಕಣ್ಣು, ಬೆರಳು, ಅಂಕಫಲಕ. ಪದಕ ಬಂದರೆ ಹೂಹಾರ, ಬಾರದಿದ್ದರೆ ನೆಪ ಹುಡುಕಾಟ. ಆ ಸ್ಪರ್ಧಿ ವರ್ಷವಿಡೀ ಪುಸ್ತಕದಲ್ಲಿ ಬರೆದಿಟ್ಟ ಲಾಟ್ ಸಂಖ್ಯೆಗಳನ್ನು, ಗುಚ್ಛಗಳ ಅಳತೆಗಳನ್ನು ಯಾವ ಕ್ಯಾಮೆರಾವೂ ತೋರಿಸುವುದಿಲ್ಲ. ಆದರೆ ಆ ಪುಸ್ತಕ ಬರೆದವರಿಗೆ ಒಂದು ಲಾಭವಿದೆ. ಗುಂಡು ಪಕ್ಕಕ್ಕೆ ಬಿದ್ದ ದಿನ ಅವರು ನೆಲವನ್ನು ದೂರಬೇಕಾಗಿಲ್ಲ. ನೆಲವನ್ನು ಅವರು ಮೊದಲೇ ಅಳೆದಿದ್ದಾರೆ. ಅದು ಸಮವಾಗಿತ್ತೆಂದು ಗೊತ್ತಿದ್ದರೆ, ತಿದ್ದಬೇಕಾದದ್ದು ತಮ್ಮ ಹೆಜ್ಜೆಯನ್ನು ಎಂಬುದೂ ಗೊತ್ತಿರುತ್ತದೆ.

ಪರೀಕ್ಷೆಯಲ್ಲಿ ಅಂಕ ಕಡಿಮೆ ಬಂದಾಗ, ಪಂದ್ಯದಲ್ಲಿ ಸೋತಾಗ, ಪ್ರಯೋಗಾಲಯದಲ್ಲಿ ಫಲ ತಪ್ಪಾದಾಗ ನಿಮ್ಮ ನಾಲಿಗೆಯ ತುದಿಗೂ ಒಂದು ನೆಪ ಬಂದೇ ಬರುತ್ತದೆ. ಆಗ ಅದನ್ನು ನುಂಗಬೇಡಿ, ಉಗುಳಲೂ ಬೇಡಿ. ಅಳೆದು ನೋಡಿ.